ಬುಟ್ಟಿಯ ಮೇಲಿನ ಎಳೆ

“ಟೀಚರ್, ಇಲ್ಲಿ ನಮ್ಮ ಮನೆ ಸಾಮಾನು ಯಾವುದೂ ಇಲ್ವಾ?”

ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕತ್ತಿಗಳ ಮುಂದೆ ನಿಂತು ಆರನೇ ಕ್ಲಾಸಿನ ಹುಡುಗ ಹೀಗೆ ಕೇಳಿದ. ತಮಾಷೆಗೆ ಕೇಳಿದ್ದಲ್ಲ. ಅರಸರ ಆಯುಧ ನೋಡಿದ್ದಾಯಿತು, ನಾಣ್ಯ ನೋಡಿದ್ದಾಯಿತು. ಇನ್ನು ತನ್ನವರದ್ದೂ ಏನಾದರೂ ಇರಬೇಕಲ್ಲ ಅಂತ ಅವನ ಕಣ್ಣು ನಿಜಕ್ಕೂ ಹುಡುಕುತ್ತಿತ್ತು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. “ಮಧ್ಯಾಹ್ನ ಹೇಳ್ತೀನಿ ಇರು” ಅಂದೆ.

ದಸರಾ ರಜೆ ಆಗ. ನಮ್ಮ ಕಡೆಯ ರೈತರ ಹಬ್ಬ ಭೂಮಿ ಹುಣ್ಣಿಮೆಗೆ ಇನ್ನು ನಾಲ್ಕೇ ದಿನ ಉಳಿದಿತ್ತು. ಸಾಗರದ ಹತ್ತಿರದ ನಮ್ಮ ಶಾಲೆಯಿಂದ 19 ಮಕ್ಕಳನ್ನು ಕರೆದುಕೊಂಡು ಹೊರಟಿದ್ದೆ. ಬೆಳಿಗ್ಗೆ ಸಂಗ್ರಹಾಲಯ, ದೇವಸ್ಥಾನ. ಮಧ್ಯಾಹ್ನ ಅಲ್ಲೇ ಹತ್ತಿರದ ಒಂದು ಮನೆಯ ಅಂಗಳದಲ್ಲಿ ಕೂತು, ಆ ಹಬ್ಬಕ್ಕೆ ಗದ್ದೆಗೆ ಹೊರುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವುದು. ಇಷ್ಟೇ ಯೋಜನೆ. ಒಬ್ಬ ಪೋಷಕರು ಮಾತ್ರ “ರಜೆಯಲ್ಲೂ ಮಕ್ಕಳನ್ನ ಸೆಗಣಿ, ಮಣ್ಣು ಅಂತ ಯಾಕೆ ಕೂರಿಸ್ತೀರಿ ಟೀಚರ್?” ಅಂದಿದ್ದರು. ಆ ಮಾತು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಯಾಕೆಂದರೆ ನಾನೂ ಈ ಚಿತ್ತಾರ ಬರೆಯುವ ದೀವರ ಸಮುದಾಯದ ಮನೆಯವಳು. ಆ ಸೆಗಣಿ, ಆ ಮಣ್ಣು ನನ್ನ ಅಜ್ಜಿಯ ಕೈಯಲ್ಲಿ ಏನಾಗುತ್ತಿತ್ತು ಅಂತ ನನಗೆ ಗೊತ್ತು.

ಕೆಳದಿಯನ್ನು ನೀವು ನೋಡಿರಬಹುದು. ಇವತ್ತು ನೋಡಿದರೆ ಶಾಂತವಾದ ಸಣ್ಣ ಊರು. ಅಡಿಕೆ ತೋಟ, ಗದ್ದೆ, ಹೆಂಚಿನ ಮನೆಗಳು. ಆದರೆ ಸುಮಾರು 1500ರ ಹೊತ್ತಿಗೆ ಚೌಡಪ್ಪ ನಾಯಕ ಆಳ್ವಿಕೆ ಶುರು ಮಾಡಿದ್ದು ಇಲ್ಲಿಂದಲೇ. ಆಮೇಲೆ ರಾಜಧಾನಿ ಇಕ್ಕೇರಿಗೆ ಹೋಯಿತು, ಅಲ್ಲಿಂದ ಬಿದನೂರಿಗೆ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವವರೆಗೂ ಆ ರಾಜ್ಯ ಉಳಿಯಿತು. ಶಿಸ್ತಿನ ಶಿವಪ್ಪ ನಾಯಕ ಅಂದರೆ ನಮ್ಮ ಮಕ್ಕಳಿಗೂ ಗೊತ್ತು. ಅವನ ‘ಶಿಸ್ತು’ ಅಂದರೆ ಭೂಮಿಗೆ ಕಂದಾಯ ಕಟ್ಟಿದ ಕ್ರಮ ಅಂತ ಹೇಳಿದಾಗ ಮಾತ್ರ ಅವರಿಗೆ ಆಶ್ಚರ್ಯವಾಯಿತು. ಸಾಲಾಗಿ ನಿಲ್ಲುವುದು, ಗಲಾಟೆ ಮಾಡದಿರುವುದು ಅಂತಲೇ ಅಂದುಕೊಂಡಿದ್ದರು. ಹೆಣ್ಣುಮಕ್ಕಳಿಗೆ ಕೆಳದಿ ಚೆನ್ನಮ್ಮನ ಕಥೆ ಬೇಕಿತ್ತು. ಔರಂಗಜೇಬನ ಸೈನ್ಯ ಬೆನ್ನು ಹತ್ತಿದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ರಾಣಿ. ಅದನ್ನು ಎರಡು ಸಲ ಹೇಳಿಸಿಕೊಂಡರು.

ಈ ಸಂಗ್ರಹಾಲಯ ಈಗ ಕುವೆಂಪು ವಿಶ್ವವಿದ್ಯಾಲಯದ ಕೈಯಲ್ಲಿದೆ. ಆದರೆ ಇದರ ಹಿಂದೆ ಒಬ್ಬ ಮನುಷ್ಯನ ಇಡೀ ಆಯಸ್ಸು ಇದೆ. ಕೆಳದಿ ಗುಂಡಾಜೋಯಿಸರು ಅಟ್ಟದ ಮೇಲೆ ಹುಳ ತಿನ್ನುತ್ತಿದ್ದ ಓಲೆಗರಿ, ಕಾಗದ, ತಾಮ್ರದ ಶಾಸನ, ನಾಣ್ಯ ಎಲ್ಲವನ್ನೂ ಹುಡುಕಿ ತಂದು ಸೇರಿಸಿದರು. ಹಳೆಯ ಓಲೆಗರಿಗಳಲ್ಲಿ ಬಳಸಿದ ತಿಗಳಾರಿ ಲಿಪಿ ಓದಬಲ್ಲವರು ಕಡಿಮೆಯಾಗುತ್ತಿದ್ದ ಕಾಲದಲ್ಲಿ ಅದನ್ನು ಓದಿದವರು. ಕೆಳದಿಯ ಇತಿಹಾಸ ನಮ್ಮ ಕೈಗೆ ಸಿಕ್ಕಿದ್ದರಲ್ಲಿ ಅವರ ಪಾಲು ದೊಡ್ಡದು. ನಾನು ಅವರ ಹೆಸರು ಹೇಳುವಾಗ ಮಕ್ಕಳನ್ನು ಸುಮ್ಮನೆ ನಿಲ್ಲಿಸಿ ಹೇಳಿದೆ. ರಾಜರ ಹೆಸರು ಮರೆತರೂ ಪರವಾಗಿಲ್ಲ, ಈ ಹೆಸರು ಮರೆಯಬೇಡಿ ಅಂದೆ.

ಮಕ್ಕಳು ಹೆಚ್ಚು ಹೊತ್ತು ನಿಂತಿದ್ದು ಓಲೆಗರಿಗಳ ಮುಂದೆ. ಬೆರಳಗಲದ ಎಲೆಯ ಮೇಲೆ ಸಾಸಿವೆಯಷ್ಟು ಚಿಕ್ಕ ಅಕ್ಷರ. ಒಂದಕ್ಷರವೂ ಓದಲು ಬರುವುದಿಲ್ಲ. “ಇದನ್ನ ಪೆನ್ನಲ್ಲಿ ಬರೆದಿದ್ದಾ?” ಅಂತ ಒಬ್ಬಳು ಕೇಳಿದಳು. ಕಂಟ ಅನ್ನುವ ಚೂಪು ಮೊನೆಯ ಕಡ್ಡಿಯಲ್ಲಿ ಕೊರೆದು ಬರೆಯುತ್ತಿದ್ದರು, ಆಮೇಲೆ ಕಪ್ಪು ಮಸಿ ತಿಕ್ಕಿ ಒರೆಸಿದಾಗ ಅಕ್ಷರ ಎದ್ದು ಕಾಣುತ್ತಿತ್ತು ಅಂತ ವಿವರಿಸಿದೆ. ತಪ್ಪಾದರೆ? ತಪ್ಪಾದರೆ ಅಳಿಸಲು ಆಗುವುದಿಲ್ಲ. ಎಲೆ ಹಳತಾಗಿ ಪುಡಿಯಾಗುವ ಮೊದಲು ಇನ್ನೊಬ್ಬರು ಕೂತು ಹೊಸ ಎಲೆಗೆ ನಕಲು ಮಾಡಬೇಕಿತ್ತು. ಹಾಗೆ ಕೈಯಿಂದ ಕೈಗೆ ದಾಟಿದ್ದಷ್ಟೇ ಉಳಿದಿದೆ. ಆ ಹುಡುಗ ನನ್ನನ್ನು ಕೇಳಿದ್ದು ಇದಾದ ಮೇಲೆಯೇ.

ದೇವಸ್ಥಾನದಲ್ಲಿ ಜಾಸ್ತಿ ಹೊತ್ತು ಇರಲಿಲ್ಲ. ರಾಮೇಶ್ವರನಿಗೆ ಕೈಮುಗಿದು, ವೀರಭದ್ರ ಗುಡಿಯ ಮುಚ್ಚಿಗೆಯ ಗಂಡಭೇರುಂಡ ನೋಡಿ ಹೊರಬಂದೆವು. ಹೊಟ್ಟೆ ಹಸಿದಿತ್ತು. ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ಐದು ನಿಮಿಷದಲ್ಲಿ ಖಾಲಿಯಾಯಿತು.

ಅಂಗಳಕ್ಕೆ ಕಾಲಿಡುತ್ತಲೇ ಕೆಮ್ಮಣ್ಣಿನ ವಾಸನೆ ಬಂತು. ನಮಗೆ ಕಲಿಸಲು ಬಂದಿದ್ದ ದೊಡ್ಡಮ್ಮ ಮತ್ತು ಅವರ ಸೊಸೆ ಹಿಂದಿನ ದಿನವೇ ಬಿದಿರಿನ ಬುಟ್ಟಿಗಳಿಗೆ ಸೆಗಣಿ ಬಳಿದು, ಅದು ಒಣಗಿದ ಮೇಲೆ ಕೆಮ್ಮಣ್ಣು ಹಚ್ಚಿ ಸಾಲಾಗಿ ಇಟ್ಟಿದ್ದರು. ದೊಡ್ಡಮ್ಮನಿಗೆ ಎಪ್ಪತ್ತು ದಾಟಿದೆ. ಬೆನ್ನು ಸ್ವಲ್ಪ ಬಾಗಿದೆ. ಕೈ ಮಾತ್ರ ನಡುಗುವುದಿಲ್ಲ.

ಪಕ್ಕದಲ್ಲಿ ನಾಲ್ಕು ಗರಟೆ. ಒಂದರಲ್ಲಿ ಬಿಳಿ, ನೆನೆಸಿದ ಅಕ್ಕಿ ಅರೆದದ್ದು. ಒಂದರಲ್ಲಿ ಕಪ್ಪು, ಅಕ್ಕಿಯನ್ನೇ ಕರಿಯಾಗುವ ತನಕ ಹುರಿದು ನೀರಲ್ಲಿ ನೆನೆಸಿದ್ದು. ಒಂದರಲ್ಲಿ ಹಳದಿ, ಗುರಿಗೆ ಕಾಯಿಯದ್ದು. ಮತ್ತೊಂದರಲ್ಲಿ ಕೆಮ್ಮಣ್ಣು. ಬ್ರಷ್ ಅಂತ ಬೇರೆ ಇಲ್ಲ. ಪುಂಡಿ ನಾರನ್ನು ನಾಲ್ಕು ಬೆರಳಷ್ಟು ಉದ್ದಕ್ಕೆ ಕತ್ತರಿಸಿ, ತುದಿಯನ್ನು ಬಿಡಿಸಿಕೊಂಡರೆ ಅದೇ ಕುಂಚ. ಎಳೆ ತೆಳ್ಳಗೆ ಬೇಕಾದರೆ ನಾರು ಕಮ್ಮಿ, ದಪ್ಪ ಬೇಕಾದರೆ ಜಾಸ್ತಿ.

“ಡ್ರಾಯಿಂಗ್ ಬಿಡಿಸೋಕೆ ಸ್ಕೇಲ್ ಬೇಕಾ ಅಜ್ಜಿ?” ಅಂತ ಹುಡುಗಿಯೊಬ್ಬಳು ಕೇಳಿದಳು.

“ಬಿಡಿಸದಲ್ಲ ಮಗಾ. ಚಿತ್ತಾರ ಬರಿಯದು” ಅಂದರು ದೊಡ್ಡಮ್ಮ.

ಬರೆಯುವುದು. ಚಿಕ್ಕಂದಿನಿಂದ ಕೇಳಿದ ಮಾತೇ. ಆದರೆ ಬೆಳಿಗ್ಗೆ ಓಲೆಗರಿ ನೋಡಿ ಬಂದಿದ್ದರಿಂದಲೋ ಏನೋ, ಅವತ್ತು ಅದು ಹೊಸದಾಗಿ ಕೇಳಿಸಿತು.

ಮೊದಲ ಬುಟ್ಟಿಗೇ ತೊಂದರೆಯಾಯಿತು. ಮಕ್ಕಳಿಗೆ ಸಾಕಾಗಲಿ ಅಂತ ನಾನೂ ಮನೆಯಲ್ಲಿ ಮಿಕ್ಸಿಗೆ ಅಕ್ಕಿ ಹಾಕಿ ಬಿಳಿ ಮಾಡಿ ತಂದಿದ್ದೆ. ನೀರು ಜಾಸ್ತಿಯಾಗಿತ್ತು. ಮಕ್ಕಳು ಎಳೆದ ಗೆರೆಗಳೆಲ್ಲ ಕೆಮ್ಮಣ್ಣಿನ ಮೇಲೆ ಕಣ್ಣೀರಿನ ಹಾಗೆ ಇಳಿದವು. ನನಗೆ ತುಂಬಾ ಬೇಜಾರಾಯಿತು. ದೊಡ್ಡಮ್ಮ ಬಯ್ಯಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಅದರ ಮೇಲೆ ಮತ್ತೆ ಕೆಮ್ಮಣ್ಣು ಸವರಿ ಬಿಸಿಲಿಗಿಟ್ಟರು. ಆಮೇಲೆ ತಮ್ಮ ಗರಟೆಯಿಂದ ಒಂದು ಹನಿ ಬಿಳಿ ತೆಗೆದು ಹೆಬ್ಬೆರಳ ಉಗುರಿನ ಮೇಲೆ ಇಟ್ಟುಕೊಂಡರು. ಕೈಯನ್ನು ಓರೆ ಮಾಡಿ ತೋರಿಸಿದರು. ಹನಿ ಕದಲಲಿಲ್ಲ. “ಹಿಂಗಿರ್ಬೇಕು ಅಕ್ಕೋರೇ. ಕೂತ್ಕಬೇಕು, ಓಡ್ಬಾರ್ದು.”

19 ಮಕ್ಕಳೂ ಒಬ್ಬೊಬ್ಬರಾಗಿ ಬಂದು ಉಗುರು ಚಾಚಿದರು. ಅರ್ಧ ಗಂಟೆ ಅದರಲ್ಲೇ ಹೋಯಿತು. ಹೋಗಲಿ ಅಂತ ಬಿಟ್ಟೆ.

ಎಳೆ ಬರೆಯುವಾಗ ಅವರು ಉಸಿರು ಹಿಡಿಯುತ್ತಾರೆ. ಇದನ್ನು ಹತ್ತಿರ ಕೂತಾಗಲೇ ಕಂಡೆ. ನಾರನ್ನು ಬಿಳಿಯಲ್ಲಿ ಅದ್ದಿ, ಗರಟೆಯ ಅಂಚಿಗೆ ಒಮ್ಮೆ ಒರೆಸಿ, ಬುಟ್ಟಿಯ ಮೇಲೆ ನಾರಿನ ಉದ್ದವನ್ನೇ ಮಲಗಿಸಿದ ಹಾಗೆ ಇಟ್ಟು ಮೆಲ್ಲಗೆ ಎಳೆಯುತ್ತಾರೆ. ಎಳೆ ಮುಗಿಯುವ ತನಕ ಮಾತಿಲ್ಲ. ಅದರ ಪಕ್ಕಕ್ಕೆ ಇನ್ನೊಂದು ಎಳೆ. ನಡುವೆ ಅಕ್ಕಿ ಕಾಳು ಹಿಡಿಯುವಷ್ಟು ಜಾಗ. ಬುಟ್ಟಿಯ ಸುತ್ತ ಹೋಗಿ ಶುರು ಮಾಡಿದಲ್ಲಿಗೇ ಬಂದು ಸೇರಿದಾಗ ಒಂದು ಎಳೆಯೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅಳತೆ ಎಲ್ಲಿದೆ ಅಂತ ಕೇಳಿದರೆ ನಗುತ್ತಾರೆ. ಆ ಚೌಕಗಳ ಒಳಗೆ ಆಮೇಲೆ ಭತ್ತದ ತೆನೆ ಬರುತ್ತದೆ, ಏಣಿ ಬರುತ್ತದೆ, ಗೊಂಬೆಗಳ ಸಾಲು ಬರುತ್ತದೆ. ಮದುವೆ ಮನೆಯ ಹಸೆಗೋಡೆಯಾದರೆ ಇನ್ನೂ ದೊಡ್ಡದು. ಅಲ್ಲಿ ದಂಡಿಗೆ, ತೇರು, ಬಾಸಿಂಗ ಎಲ್ಲ ಇರಬೇಕು. ಮದುಮಕ್ಕಳು ಅದರ ಮುಂದೆಯೇ ಕೂರಬೇಕು.

ನನ್ನ ಅಜ್ಜಿ ಅಂಥ ಗೋಡೆ ಬರೆಯುತ್ತಿದ್ದಳು. ಶರಾವತಿ ದಡದ ಊರು ಅವಳದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಆ ಊರು ನೀರಿನ ಕೆಳಗೆ ಹೋಯಿತು. ಲಾರಿಗೆ ಕಣಜ, ಒನಕೆ, ದನ, ಮಕ್ಕಳನ್ನು ಹೇರಿಕೊಂಡು ಬಂದರಂತೆ. ಗೋಡೆಯನ್ನು ಹೇರಿಕೊಂಡು ಬರಲು ಆಗುವುದಿಲ್ಲ ಅಲ್ವಾ? ಅವಳ ತಂಗಿಯ ಮದುವೆಗೆ ಬರೆದ ಹಸೆ ಇನ್ನೂ ಹೊಸದಾಗಿತ್ತಂತೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಕಲ್ಲು ಕಟ್ಟಿದ್ದು ಹಾಗೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮಣ್ಣಿನ ಗೋಡೆ, ಅಕ್ಕಿಯ ಬಿಳಿ ಮೊದಲ ಮಳೆಗಾಲದಲ್ಲೇ ಕರಗಿ ಹೋಗಿರುತ್ತದೆ.

ಹೊಸ ಊರಿನಲ್ಲಿ ಅಜ್ಜಿ ಮತ್ತೆ ಬರೆದಳು. ಅಮ್ಮನ ಕಾಲಕ್ಕೆ ಗೋಡೆಗೆ ಸಿಮೆಂಟು ಬಂತು. ಸಿಮೆಂಟಿನ ಮೇಲೆ ಕೆಮ್ಮಣ್ಣು ಹಿಡಿಯುವುದಿಲ್ಲ, ಪುಡಿಯಾಗಿ ಉದುರುತ್ತದೆ. ನನ್ನ ಮದುವೆಯಲ್ಲಿ ಹಸೆಯನ್ನು ರಟ್ಟಿನ ಮೇಲೆ ಬರೆಸಿ ಗೋಡೆಗೆ ಅಂಟಿಸಿದ್ದರು. ಮಾರನೇ ದಿನ ಚಪ್ಪರ ಬಿಚ್ಚುವಾಗ ಆ ರಟ್ಟು ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆ ನೋವು ಈಗಲೂ ಇದೆ. ಅಜ್ಜಿ ಬದುಕಿದ್ದಾಗ ಪಕ್ಕದಲ್ಲಿ ಕೂತು ಕಲಿಯಬಹುದಿತ್ತು. ಓದು, ಕೆಲಸ ಅಂತ ಓಡಾಡಿದೆ. ಕಲಿಯಲಿಲ್ಲ.

ಹಾಗಾಗಿ ಅವತ್ತು ಮಕ್ಕಳ ಜೊತೆ ನಾನೂ ಒಂದು ಬುಟ್ಟಿ ಹಿಡಿದು ಕೂತೆ. ನನ್ನ ಎಳೆ ನಡುಗಿತು. ದೊಡ್ಡಮ್ಮ ಹಿಂದಿನಿಂದ ಬಂದು ನನ್ನ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದರು. “ಬೆರಳಲ್ಲಲ್ಲ, ತೋಳಲ್ಲಿ ಎಳೀರಿ” ಅಂದರು. ಎರಡನೇ ಎಳೆ ಸ್ವಲ್ಪ ನೆಟ್ಟಗಾಯಿತು. ಅವರ ಕೈ ತಣ್ಣಗಿತ್ತು, ಅಕ್ಕಿ ಹಿಟ್ಟಿನ ವಾಸನೆ ಬರುತ್ತಿತ್ತು. ನನ್ನ ಗಂಟಲು ಕಟ್ಟಿತು.

ಆ ಹುಡುಗ ನನ್ನ ಪಕ್ಕದಲ್ಲೇ ಕೂತಿದ್ದ. ಮನೆಗಳಲ್ಲಿ ಇದು ಹೆಂಗಸರ ಕೆಲಸ, ಅವನು ಇದುವರೆಗೂ ನಾರು ಮುಟ್ಟಿದವನಲ್ಲ. ನಾಲಗೆ ಹೊರಗೆ ಚಾಚಿಕೊಂಡು, ಒಂದು ಭತ್ತದ ತೆನೆ ಬರೆಯಲು ಒದ್ದಾಡುತ್ತಿದ್ದ.

“ಬೆಳಿಗ್ಗೆ ಕೇಳಿದ್ಯಲ್ಲ, ನಮ್ಮ ಮನೆ ಸಾಮಾನು ಎಲ್ಲಿ ಅಂತ” ಅಂದೆ.

“ಹೂಂ.”

“ಅವರು ಓಲೆ ಮೇಲೆ ಬರೆದ್ರು. ನಮ್ಮವರು ಗೋಡೆ ಮೇಲೆ ಬರೆದ್ರು. ಗೋಡೆ ಉಳೀಲಿಲ್ಲ ಅಷ್ಟೇ.”

ಅವನು ತಲೆ ಎತ್ತಲಿಲ್ಲ. ತೆನೆಗೆ ಇನ್ನೊಂದು ಕಾಳು ಇಟ್ಟ. ಸ್ವಲ್ಪ ಹೊತ್ತಾದ ಮೇಲೆ “ಬುಟ್ಟಿ ಉಳೀತದಾ?” ಅಂತ ಕೇಳಿದ. ಪಕ್ಕದಲ್ಲಿ ಕಪ್ಪು ಕಲಸುತ್ತಿದ್ದ ಸೊಸೆಯೇ ಉತ್ತರ ಕೊಟ್ಟರು. “ಬುಟ್ಟಿ ಉಳೀತದೆ. ಚಿತ್ತಾರ ಹೋಗ್ತದೆ. ವರ್ಷಾ ವರ್ಷಾ ಬರೀಬೇಕು.”

ಸಂಜೆ ಐದಕ್ಕೆ ಬುಟ್ಟಿಗಳನ್ನು ಜಗಲಿಯ ಮೇಲೆ ಒಣಗಲು ಇಟ್ಟೆವು. ಕೆಲವು ಅಂಕುಡೊಂಕು, ಕೆಲವದರಲ್ಲಿ ಬಿಳಿ ಮೆತ್ತಿಕೊಂಡಿದೆ. ದೊಡ್ಡಮ್ಮ ಒಂದೊಂದನ್ನೂ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಯಾವುದನ್ನೂ ತಿದ್ದಲಿಲ್ಲ. ಹುಣ್ಣಿಮೆಗೆ ಬುಟ್ಟಿ ಹೊರುವ ಮನೆಗಳ ಮಕ್ಕಳು ಬುಟ್ಟಿಯನ್ನು ಮನೆಗೇ ಒಯ್ದರು. ಉಳಿದವು ಈಗ ನಮ್ಮ ಶಾಲೆಯ ಕಪಾಟಿನ ಮೇಲಿವೆ.

ಭೂಮಿ ಹುಣ್ಣಿಮೆ ಗೊತ್ತಿಲ್ಲದವರಿಗೆ ಒಂದು ಮಾತು. ಸೀಗೆ ಹುಣ್ಣಿಮೆಯ ಹೊತ್ತಿಗೆ ಭತ್ತ ಹೊಡೆ ಬಂದಿರುತ್ತದೆ. ಭೂಮಿ ಬಸುರಿ ಅಂತ ಅವಳಿಗೆ ಸೀಮಂತ ಮಾಡುವ ಹಬ್ಬ. ಹೆಂಗಸರು ರಾತ್ರಿಯೆಲ್ಲಾ ನಿದ್ದೆಗೆಟ್ಟು ಅಡುಗೆ ಮಾಡುತ್ತಾರೆ. ಹತ್ತಾರು ಬಗೆಯ ಸೊಪ್ಪು ಬೇಯಿಸಿ ಹಚ್ಚಂಬಲಿ ಮಾಡುತ್ತಾರೆ. ಬೆಳಕು ಹರಿಯುವ ಮೊದಲೇ ಗಂಡಸರು ಆ ಬುಟ್ಟಿ ಹೊತ್ತು ಗದ್ದೆ, ತೋಟದ ತುಂಬಾ ಬೀರುತ್ತಾ ಭೂಮಿತಾಯಿಯನ್ನು ಊಟಕ್ಕೆ ಕರೆಯುತ್ತಾರೆ. ಬಸುರಿಗೆ ಊಟ ಹೊತ್ತು ತರುವ ಬುಟ್ಟಿ ಅದು. ಬರಿ ಬುಟ್ಟಿಯಲ್ಲಿ ತರಲು ಯಾರಿಗೆ ತಾನೇ ಮನಸ್ಸು ಬರುತ್ತದೆ?

ರಜೆ ಮುಗಿದು ಶಾಲೆ ಶುರುವಾದ ದಿನ ಆ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಅವನ ಬುಟ್ಟಿಯನ್ನೇ ಅಪ್ಪ ಹೊತ್ತರಂತೆ. ಅವನೂ ದೊಂದಿ ಹಿಡಿದು ಹಿಂದೆ ಹೋಗಿದ್ದನಂತೆ. ಇಬ್ಬನಿಗೆ ನೆನೆದು, ಕೈ ತಾಗಿ, ತೆನೆಗಳ ಅರ್ಧ ಅಳಿಸಿ ಹೋಗಿದೆ. ಅಜ್ಜಿ ಅದನ್ನು ತೊಳೆದು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟಿದ್ದಾರೆ, ಹುಳ ಹಿಡಿಯದ ಹಾಗೆ.

“ಮುಂದಿನ ವರ್ಷನೂ ನಾನೇ ಬರಿಯದಂತೆ ಟೀಚರ್. ಬಿಳಿಗೆ ಎಷ್ಟು ನೀರು ಹಾಕ್ಬೇಕು ಅಂತ ಬರ್ದು ಕೊಡಿ” ಅಂದ.

ನಾನು ಹೆಬ್ಬೆರಳು ಎತ್ತಿ ತೋರಿಸಿದೆ. ಅವನು ತನ್ನ ಹೆಬ್ಬೆರಳನ್ನು ನೋಡಿಕೊಂಡ, ಕೈಯನ್ನು ಮೆಲ್ಲಗೆ ಓರೆ ಮಾಡಿದ, “ಹಾಂ, ಗೊತ್ತು” ಅಂದು ಕ್ಲಾಸಿಗೆ ಓಡಿದ.