ಪಾಸ್‌ವರ್ಡ್ ಸರಿಯಾಗಿಯೇ ಇತ್ತು

ಗ್ರಾಹಕರ ಸ್ವಂತ ರೂಟರನ್ನು ಫೈಬರ್ ಸಂಪರ್ಕಕ್ಕೆ ಜೋಡಿಸಿಕೊಡಬೇಕೆಂಬ ಟಿಕೆಟ್ ಬಂದಾಗಲೆಲ್ಲ ಆ ಒಂದು ಬೆಳಗ್ಗೆ ಈಗಲೂ ನನ್ನನ್ನು ಚುಚ್ಚುತ್ತದೆ.

ಆ ದಿನದ ಗ್ರಾಹಕರು ತಮ್ಮ ರೂಟರಿನ ವ್ಯಾನ್ ಪೋರ್ಟನ್ನು (ಇಂಟರ್ನೆಟ್ ಒಳಬರುವ ಕಿಂಡಿ) ನಮ್ಮ ಓಎನ್‌ಟಿಯ, ಅಂದರೆ ಫೈಬರ್ ಬಂದು ಸೇರುವ ನಮ್ಮ ಕಂಪನಿಯ ಪೆಟ್ಟಿಗೆಯ, ಲ್ಯಾನ್ ಪೋರ್ಟಿಗೆ ತಾವೇ ಸಿಕ್ಕಿಸಿಕೊಂಡಿದ್ದರು. ಎರಡೂ ಪೆಟ್ಟಿಗೆಗಳು 192.168.1.1 ಎಂಬ ಒಂದೇ ವಿಳಾಸದಲ್ಲಿ ಕುಳಿತಿದ್ದವು, ಎರಡು ಕಡೆ ವಿಳಾಸ ಬದಲಾಗುವ ಡಬಲ್ ನ್ಯಾಟ್ ಬೇರೆ. ವೈಫೈ ದೂರದ ಕೋಣೆಗೆ ತಲುಪಿದರೆ ಸಾಕೆನ್ನುವವರಿಗೆ ಹೊಸ ರೂಟರನ್ನು ಬರೀ ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿಕೊಟ್ಟರೆ ಕೆಲಸ ಮುಗಿಯುತ್ತದೆ. ಆದರೆ ಇವರಿಗೆ ತಮ್ಮದೇ ಫೈರ್‌ವಾಲ್ ಬೇಕಿತ್ತು. ಆದ್ದರಿಂದ ಓಎನ್‌ಟಿಯನ್ನು ಬ್ರಿಡ್ಜ್ ಮಾಡಿ (ಸಂಪರ್ಕವನ್ನು ಸುಮ್ಮನೆ ದಾಟಿಸುವಂತೆ ಮಾಡಿ), ಇಂಟರ್ನೆಟ್ ಖಾತೆಯ ಪಿಪಿಪಿಒಇ ಲಾಗಿನ್ನನ್ನು ರೂಟರಿಗೇ ಕೊಡುವುದೆಂದು ತೀರ್ಮಾನಿಸಿದೆ. ಪವರ್ ಮೀಟರ್ ಮೈನಸ್ 19 ಡಿಬಿಎಂ ತೋರಿಸಿತು, ಲೈನಿನಲ್ಲಿ ದೋಷವಿರಲಿಲ್ಲ. ವಿಲ್ಯಾನ್ ಸಂಖ್ಯೆ, ಯೂಸರ್‌ನೇಮ್, ಪಾಸ್‌ವರ್ಡ್ ತುಂಬಿ ಕನೆಕ್ಟ್ ಒತ್ತಿದಾಗ ಲಾಗಿನ್ ತಿರಸ್ಕೃತವಾಯಿತು.

ಆಗ ಗಂಟೆ 10:38. ಹನ್ನೊಂದಕ್ಕೆ ತಮಗೆ ಆನ್‌ಲೈನ್ ಸಂದರ್ಶನವಿದೆ ಎಂದು ಅವರು ಹೇಳಿದ್ದು ಆಗಲೇ. ನಾನು ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಳ್ಳುತ್ತ ಮೂರು ಸಲ ಹೊಡೆದೆ. ಮೂರು ಸಲವೂ ಅದೇ ಉತ್ತರ. ಬ್ರಿಡ್ಜ್ ಮಾಡಿದಾಗ ಓಎನ್‌ಟಿ ಹಳೆಯ ಸೆಷನ್ ಮುಗಿಯಿತೆಂದು ತಿಳಿಸದೆಯೇ ರೀಬೂಟ್ ಆಗಿತ್ತು. ಲಾಗಿನ್‌ಗಳನ್ನು ಸ್ವೀಕರಿಸುವ ನಮ್ಮ ಕಡೆಯ ಯಂತ್ರವಾದ ಬಿಎನ್‌ಜಿ, ಆ ಸೆಷನ್ ಇನ್ನೂ ಜೀವಂತವಿದೆಯೆಂದು ತಿಳಿದು, ಒಂದು ಖಾತೆಗೆ ಒಂದೇ ಸೆಷನ್ ಎಂಬ ನಿಯಮದಂತೆ ಹೊಸದನ್ನು ತಳ್ಳುತ್ತಿತ್ತು. ಕೆಲವು ನಿಮಿಷ ಸುಮ್ಮನಿದ್ದಿದ್ದರೆ ಅದು ತಾನಾಗಿ ಟೈಮ್‌ಔಟ್ ಆಗುತ್ತಿತ್ತು. ತರಬೇತಿಯಲ್ಲಿ ಕಲಿತ ವಿಷಯವೇ ಇದು. ಆದರೂ ಗಡಿಯಾರ ನೋಡಿದ ಗಾಬರಿಯಲ್ಲಿ, ಎಲ್ಲವನ್ನೂ ಮೊದಲಿನಿಂದ ಮಾಡೋಣವೆಂದು ಓಎನ್‌ಟಿಯ ರೀಸೆಟ್ ರಂಧ್ರಕ್ಕೆ ಪಿನ್ ಚುಚ್ಚಿದೆ.

ಫೈಬರ್ ಸಂಪರ್ಕ ತೋರಿಸುವ ಪಾನ್ ದೀಪ ಮಿನುಗತೊಡಗಿತು, ಸ್ಥಿರವಾಗಲೇ ಇಲ್ಲ. ಫೈಬರಿನ ಇನ್ನೊಂದು ತುದಿಯಲ್ಲಿರುವ ನಮ್ಮ ಯಂತ್ರವಾದ ಆ ಓಎಲ್‌ಟಿಯಲ್ಲಿ ಓಎನ್‌ಟಿಯ ನೋಂದಣಿ ನಡೆಯುವುದು ಸೀರಿಯಲ್ ನಂಬರಿನಿಂದಲ್ಲ, ಅದರದೇ ಬೇರೊಂದು ಪಾಸ್‌ವರ್ಡಿನಿಂದ. ರೀಸೆಟ್ ಅದನ್ನೂ ಅಳಿಸಿಹಾಕಿತ್ತು. ಅದು ಇದ್ದದ್ದು ಜಾಲವನ್ನು ನಿಯಂತ್ರಿಸುವ ನಾಕ್ ತಂಡದ ಬಳಿ ಮಾತ್ರ, ಅವರ ಫೋನು ಸರದಿಯಲ್ಲಿ ಕಾಯಿಸುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತೆರೆದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವರು, “ಇನ್ನೆಷ್ಟು ಹೊತ್ತಾಗುತ್ತದೆ?” ಎಂದು ಕೇಳಿದರು. “ಐದು ನಿಮಿಷ ಸಾರ್” ಎಂದೆ. ಹಾಗೆ ಹೇಳಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ನನ್ನ ಮೊಬೈಲಿನ ಹಾಟ್‌ಸ್ಪಾಟ್ ಕೊಡಬಹುದೆಂದು ಹೊಳೆದದ್ದು 10:57ಕ್ಕೆ. ಮುಚ್ಚಿದ ಕೋಣೆಯೊಳಗಿಂದ “ನನ್ನ ಧ್ವನಿ ಕೇಳಿಸುತ್ತಿದೆಯೇ?” ಎಂದು ಅವರು ಮತ್ತೆ ಮತ್ತೆ ಕೇಳುತ್ತಿದ್ದುದು ನನಗೆ ಹೊರಗೆ ಕೇಳಿಸುತ್ತಿತ್ತು.

11:12ಕ್ಕೆ ನಾಕ್‌ನಿಂದ ನೋಂದಣಿಯ ಪಾಸ್‌ವರ್ಡ್ ಸಿಕ್ಕಿ, ದೀಪ ಸ್ಥಿರವಾಯಿತು. ಮತ್ತೆ ಬ್ರಿಡ್ಜ್ ಮಾಡಿದೆ. ಮೊದಲು ಮೂರು ಸಲ ಹೊಡೆದಿದ್ದ ಅದೇ ಲಾಗಿನ್ ಮೊದಲ ಯತ್ನದಲ್ಲೇ ಸಂಪರ್ಕ ಕೊಟ್ಟಿತು. ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1492 ಇದೆಯೆಂದು ನೋಡಿಕೊಂಡು ಹೊರಟೆ.

ಈಗ ಬ್ರಿಡ್ಜ್ ಮಾಡುವ ಮೊದಲು ಓಎನ್‌ಟಿಯ ಪುಟದಲ್ಲೇ ಡಿಸ್‌ಕನೆಕ್ಟ್ ಒತ್ತಿ, ಸೆಷನ್ ಕ್ರಮವಾಗಿ ಮುಗಿದ ಮೇಲೆಯೇ ಮುಂದುವರಿಯುತ್ತೇನೆ. ಸೆಟ್ಟಿಂಗ್ ಪುಟಗಳ ಫೋಟೋ ತೆಗೆಯದೆ ಪಿನ್ ಮುಟ್ಟುವುದಿಲ್ಲ. ಸೆಷನ್ ಸ್ಥಿತಿಯನ್ನು ನಮ್ಮ ಫೀಲ್ಡ್ ಆ್ಯಪಿನಲ್ಲೂ ತೋರಿಸಬೇಕೆಂದು ಎರಡು ಬಾರಿ ಬರೆದು ಕೇಳಿದ್ದೇನೆ, ಉತ್ತರವಿಲ್ಲ. ಟಿಕೆಟ್ ಮುಚ್ಚುವ ಪಟ್ಟಿಯಲ್ಲಿ ನಮ್ಮ ತಪ್ಪಿಗೆ ಒಂದು ಕೋಡ್ ಕೂಡ ಇಲ್ಲ. ನಾನು ‘ಇತರೆ’ ಆಯ್ದು, ನಡೆದದ್ದನ್ನೆಲ್ಲ ಬರೆದಿದ್ದೆ. ಮರುದಿನ ಮೇಲಿನವರು ಅದನ್ನು ‘ಗ್ರಾಹಕರ ರೂಟರ್ ದೋಷ’ ಎಂದು ಬದಲಿಸಿದರು. ತಿದ್ದಲು ನಾನು ಬರೆದ ಕೋರಿಕೆ ಇನ್ನೂ ಬಾಕಿಯಿದೆ.