ತಾಯಂದಿರ ಲೆಕ್ಕದ ಮನೆತನ: ಸಾಲ್ಟ್ ಲೇಕ್ ಸಿಟಿಯಲ್ಲಿ ಬ್ರಿಗಮ್ ಯಂಗ್ ಕುಟುಂಬದ ಜಾಡು

ಅಮೆರಿಕದ ಯೂಟಾ ರಾಜ್ಯದ ರಾಜಧಾನಿ ಸಾಲ್ಟ್ ಲೇಕ್ ಸಿಟಿಯಲ್ಲಿ ಸೌತ್ ಟೆಂಪಲ್ ಮತ್ತು ಸ್ಟೇಟ್ ಸ್ಟ್ರೀಟ್ ಕೂಡುವಲ್ಲಿ ರಸ್ತೆಯ ಅಗಲಕ್ಕೂ ಚಾಚಿದ ಕಮಾನೊಂದಿದೆ. ಅದರ ನೆತ್ತಿಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು ಕುಳಿತಿದೆ. ಈಗ ಅದರ ಕೆಳಗೆ ವಾಹನಗಳು ಬಿಡುವಿಲ್ಲದೆ ಓಡುತ್ತವೆ. ಮುಂದೆ ಹಲವು ಸಲ ಅಗಲಿಸಿ ಹೊಸದಾಗಿ ಕಟ್ಟಿದ್ದರೂ, 1859ರಲ್ಲಿ ಮೊದಲು ನಿಂತಾಗ ಇದು ಒಂದು ಮನೆತನದ ಜಮೀನಿಗೆ ಹೋಗುವ ಹೆಬ್ಬಾಗಿಲಾಗಿತ್ತು. ಆ ಮನೆತನದ ಯಜಮಾನ ಬ್ರಿಗಮ್ ಯಂಗ್, ಮಾರ್ಮನ್ನರೆಂಬ ಕ್ರೈಸ್ತ ಪಂಥದ ಎರಡನೆಯ ಅಧ್ಯಕ್ಷ. 1801ರಲ್ಲಿ ವರ್ಮಾಂಟ್‌ನ ಬಡ ಕುಟುಂಬವೊಂದರಲ್ಲಿ ಹುಟ್ಟಿ, ಬಡಗಿಯಾಗಿ, ಬಣ್ಣ ಬಳಿಯುವವನಾಗಿ ದುಡಿದ ಈ ಮನುಷ್ಯ, 1844ರಲ್ಲಿ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್‌ನ ಕೊಲೆಯಾದ ಬಳಿಕ, ಇಲಿನಾಯ್‌ನ ನಾವೂ ಪಟ್ಟಣದಿಂದ ಹೊರದೂಡಲ್ಪಟ್ಟ ಸಾವಿರಾರು ಜನರನ್ನು ಈ ಉಪ್ಪಿನ ಸರೋವರದ ಕಣಿವೆಗೆ ನಡೆಸಿ ತಂದನು. ಆಗ ಬಹುಪತ್ನಿತ್ವವನ್ನು ಒಪ್ಪಿದ್ದ ಪಂಥ ಅದು; ಅವನು ಮದುವೆಯಾದವರ ಸಂಖ್ಯೆ ಐವತ್ತನ್ನು ಮೀರುತ್ತದೆ. ಅವರಲ್ಲಿ 16 ಮಂದಿಗೆ ಅವನಿಂದ ಐವತ್ತೈದಕ್ಕೂ ಹೆಚ್ಚು ಮಕ್ಕಳಾದರು.

ಈ ಸಂಖ್ಯೆಯನ್ನು ಕೇಳಿದ ಪ್ರವಾಸಿಗರು ಒಂದೋ ನಗುತ್ತಾರೆ, ಇಲ್ಲವೇ ಹುಬ್ಬು ಗಂಟಿಕ್ಕುತ್ತಾರೆ. ನಾನೂ ಅಕ್ಕನೂ ಆ ಊರಿಗೆ ಹೋದಾಗ ನಮಗೆ ಕಾಡಿದ ಪ್ರಶ್ನೆ ಬೇರೆಯದು: ಇಷ್ಟು ದೊಡ್ಡ ಸಂಸಾರದ ಚರಿತ್ರೆಯನ್ನು ಯಾವ ಎಳೆ ಹಿಡಿದು ಓದಬೇಕು? ಯಜಮಾನನಿಂದ ಆರಂಭಿಸಿದರೆ ಅದು ಒಬ್ಬನ ಜೀವನಚರಿತ್ರೆಯಾಗುತ್ತದೆಯೇ ಹೊರತು ಮನೆಯ ಚರಿತ್ರೆಯಾಗುವುದಿಲ್ಲ. ತಾಯಂದಿರಿಂದ ಆರಂಭಿಸಿದಾಗ ಮಾತ್ರ ಸಂಬಂಧಗಳು ಬಿಡಿಸಿಕೊಳ್ಳತೊಡಗುತ್ತವೆ ಎಂಬುದು ಅಲ್ಲಿ ತಿರುಗಾಡಿದ ಮೇಲೆ ನನಗೆ ಮನದಟ್ಟಾದ ಸಂಗತಿ.

ಆದ್ದರಿಂದ ನಾವು ಮೊದಲು ಊರಿನ ಪೂರ್ವದಂಚಿಗೆ, ಎಮಿಗ್ರೇಶನ್ ಕಣಿವೆಯ ಬಾಯಿಗೆ ಹೋದೆವು. ಅಲ್ಲಿ 1947ರಲ್ಲಿ, ವಲಸೆಯ ಶತಮಾನೋತ್ಸವಕ್ಕೆಂದು ನಿಲ್ಲಿಸಿದ ಎತ್ತರದ ಸ್ಮಾರಕವಿದೆ. ಅದರ ಶಿಲ್ಪಿ ಮಹೋನ್‌ರೈ ಯಂಗ್ ಬ್ರಿಗಮ್‌ನ ಮೊಮ್ಮಗ. ಕುಟುಂಬದ ಕಥೆಯನ್ನು ಕುಟುಂಬದವನೇ ಕಂಚಿನಲ್ಲಿ ಎರಕ ಹೊಯ್ದಿದ್ದಾನೆ. 1847ರ ಜುಲೈ ತಿಂಗಳಲ್ಲಿ ಈ ದಾರಿಯಾಗಿ ಇಳಿದ ಮೊದಲ ತಂಡದಲ್ಲಿ 143 ಗಂಡಸರೂ, ಮೂವರು ಹೆಂಗಸರೂ, ಇಬ್ಬರು ಮಕ್ಕಳೂ ಇದ್ದರು. ಆ ಗಂಡಸರಲ್ಲಿ ಮೂವರು ಗುಲಾಮರಾಗಿದ್ದ ಕಪ್ಪು ಜನರು ಎಂಬುದನ್ನು ಈಗ ಅದೇ ಆವರಣದಲ್ಲಿರುವ ಇನ್ನೊಂದು ಸ್ಮಾರಕ ನೆನಪಿಸುತ್ತದೆ.

ಆ ಮೂವರು ಹೆಂಗಸರಲ್ಲಿ ಇಬ್ಬರು ತಾಯಿ ಮತ್ತು ಮಗಳು. ತಾಯಿ ಹ್ಯಾರಿಯಟ್ ಪೇಜ್ ವೀಲರ್, ಬ್ರಿಗಮ್‌ನ ತಮ್ಮ ಲೊರೆಂಜೊನ ಹೆಂಡತಿ. ಮಗಳು ಕ್ಲಾರಾ ಡೆಕರ್, ಸ್ವತಃ ಬ್ರಿಗಮ್‌ನ ಹೆಂಡತಿ. ಮೊದಲ ತಂಡದಲ್ಲಿ ಗಂಡಸರಷ್ಟೇ ಇರಬೇಕೆಂದು ಯೋಜನೆಯಾಗಿತ್ತು. ಉಬ್ಬಸದಿಂದ ನರಳುತ್ತಿದ್ದ ಹ್ಯಾರಿಯಟ್‌ಳನ್ನು ನದಿತೀರದ ಶಿಬಿರದಲ್ಲಿ ಬಿಟ್ಟುಬರಲು ಲೊರೆಂಜೊ ಒಪ್ಪದಿದ್ದುದರಿಂದ ಅವಳಿಗೆ ಅನುಮತಿ ಸಿಕ್ಕಿತು, ಅವಳ ಜೊತೆಗೆಂದು ಉಳಿದಿಬ್ಬರೂ ಬಂದರು. ಹ್ಯಾರಿಯಟ್‌ಳ ಹಿರಿಯ ಮಗಳು ಲೂಸಿ ಆನ್ ಡೆಕರ್ 1842ರಲ್ಲೇ ಬ್ರಿಗಮ್‌ನನ್ನು ಮದುವೆಯಾಗಿದ್ದಳು. ಬಹುಪತ್ನಿತ್ವವನ್ನು ಒಪ್ಪಿದ ಮೇಲೆ ಅವನು ಕೈಹಿಡಿದ ಮೊದಲ ಹೆಂಗಸು ಅವಳೇ. ಹೀಗೆ ಹ್ಯಾರಿಯಟ್ ಬ್ರಿಗಮ್‌ನಿಗೆ ತಮ್ಮನ ಹೆಂಡತಿಯೂ ಹೌದು, ಎರಡು ಕಡೆಯಿಂದ ಅತ್ತೆಯೂ ಹೌದು. ಇಷ್ಟು ಸಾಲದೆಂಬಂತೆ ಹ್ಯಾರಿಯಟ್‌ಳ ಮಗ ಚಾರ್ಲ್ಸ್ ಡೆಕರ್, ಬ್ರಿಗಮ್‌ನ ತೀರಿಹೋಗಿದ್ದ ಮೊದಲ ಪತ್ನಿ ಮಿರಿಯಮ್ ವರ್ಕ್ಸ್‌ಳ ಮಗಳಾದ ವೈಲೇಟ್‌ಳನ್ನು ಮದುವೆಯಾದನು. ಅಂದರೆ ಬಾಮೈದನೇ ಅಳಿಯನೂ ಆದನು. ನಾನು ಇದನ್ನು ಕಾಗದದ ಮೇಲೆ ಗೆರೆ ಹಾಕಿ ತೋರಿಸಿದಾಗ ಅಕ್ಕ ಒಂದಿಷ್ಟೂ ಬೆರಗಾಗಲಿಲ್ಲ. “ಅಕ್ಕನ ಮಗಳನ್ನ ಸೋದರಮಾವ ತಂದುಕೊಂಡ ಹಾಗಾಯ್ತು. ನಮ್ಮ ದೊಡ್ಡಮ್ಮನ ಮನೇಲಿ ಆಗಿದ್ದೂ ಅದೇ ಅಲ್ವೇನೇ?” ಎಂದಳು. ಅಮೆರಿಕದ ಓದುಗರು ತಲೆ ಕೆರೆದುಕೊಳ್ಳುವ ಈ ಗಂಟು ನಮ್ಮ ಕಡೆಯವರಿಗೆ ಅಷ್ಟೇನೂ ಹೊಸದಲ್ಲ.

ಹದ್ದಿನ ಕಮಾನಿನ ಪಕ್ಕದಲ್ಲೇ ಇರುವ ಬೀಹೈವ್ ಹೌಸ್ 1854ರಲ್ಲಿ ಕಟ್ಟಿದ್ದು. ಹಸಿ ಇಟ್ಟಿಗೆಯ ಗೋಡೆಗೆ ಬಣ್ಣ ಬಳಿದು, ಮೇಲೆ ಜೇನುಗೂಡಿನ ಆಕೃತಿಯನ್ನಿಟ್ಟ ಎರಡಂತಸ್ತಿನ ಸುಂದರ ಮನೆ. ವಾಸ್ತುಶಿಲ್ಪಿ ಟ್ರೂಮನ್ ಏಂಜೆಲ್. ಅವನು ಬ್ರಿಗಮ್ 1834ರಲ್ಲಿ ಮದುವೆಯಾಗಿದ್ದ ಮೇರಿ ಆನ್ ಏಂಜೆಲ್‌ಳ ಸಹೋದರ. ಮೇರಿ ಆನ್ ಬೇರೆ ಮನೆಗೆ ಹೋದ ಮೇಲೆ ಇಲ್ಲಿ ಮನೆ ನಡೆಸಿದವಳು ಲೂಸಿ ಆನ್. ಅವಳಿಗೆ ಬ್ರಿಗಮ್‌ನಿಂದ ಏಳು ಮಕ್ಕಳು. ನಾವು ಹೋದಾಗ ಎದೆಯ ಮೇಲೆ ಹೆಸರಿನ ಪಟ್ಟಿ ಧರಿಸಿದ ಯುವತಿಯರಿಬ್ಬರು ಶುಲ್ಕವಿಲ್ಲದೆ ಮನೆ ತೋರಿಸಿದರು. ಹಿಂಭಾಗದಲ್ಲಿ ಕುಟುಂಬದ ಸ್ವಂತ ಅಂಗಡಿಯಿದೆ. ಪತ್ನಿಯರು ತಮಗೆ ಬೇಕಾದ ಬಟ್ಟೆ, ಸಕ್ಕರೆ, ದಾರಗಳನ್ನು ಇಲ್ಲಿಂದ ಪಡೆದು ತಂತಮ್ಮ ಲೆಕ್ಕಕ್ಕೆ ಬರೆಸುತ್ತಿದ್ದರು. ಸಂಸಾರ ಒಂದೇ ಆಗಿದ್ದರೂ ಲೆಕ್ಕದ ಪುಟಗಳು ಬೇರೆ ಬೇರೆಯಾಗಿದ್ದವು ಎಂಬುದು ಆ ಕಿರಿದಾದ ಕೋಣೆಯಲ್ಲಿ ಸ್ಪಷ್ಟವಾಗುತ್ತದೆ.

ಪಕ್ಕದ ಲಯನ್ ಹೌಸ್‌ನ್ನು ನಾವು ಹೊರಗಿನಿಂದಷ್ಟೇ ನೋಡಿದೆವು. ಬಾಗಿಲ ಮುಂಭಾಗದ ಮೇಲೆ ಕಲ್ಲಿನ ಸಿಂಹ ಮಲಗಿದೆ. ಮಾಡಿನಲ್ಲಿ ಒಂದೊಂದು ಬದಿಗೆ ಹತ್ತರಂತೆ ಇಪ್ಪತ್ತು ಮೊನಚಾದ ಕಿಟಕಿಗಳಿವೆ. 1856ರಲ್ಲಿ ಮುಗಿದ ಈ ಮನೆಯ ನೆಲಮಾಳಿಗೆಯಲ್ಲಿ ಅಡುಗೆಮನೆ, ಉದ್ದನೆಯ ಊಟದ ಕೋಣೆ, ಬಟ್ಟೆ ಒಗೆಯುವ ಜಾಗ. ನಡುವಣ ಅಂತಸ್ತಿನಲ್ಲಿ ಹಜಾರ ಮತ್ತು ಪುಟ್ಟ ಮಕ್ಕಳಿದ್ದ ತಾಯಂದಿರ ಕೋಣೆಗಳು. ಮೇಲೆ ಮಕ್ಕಳಿಲ್ಲದವರ ಮತ್ತು ದೊಡ್ಡ ಮಕ್ಕಳ ಮಲಗುವ ಕೋಣೆಗಳು. ಸಂಜೆ ಗಂಟೆ ಬಾರಿಸಿದೊಡನೆ ಎಲ್ಲರೂ ಹಜಾರದಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದರು. “ಅದು ಸರಿ, ಅಡುಗೆಮನೆ ಯಾರ ಕೈಲಿತ್ತು?” ಎಂದು ಅಕ್ಕ ಕೇಳಿದಳು. ನನ್ನ ಮಟ್ಟಿಗೆ ಆ ಮನೆಯ ಬಗ್ಗೆ ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಅದು. ಅಡುಗೆಮನೆಯ ಉಸ್ತುವಾರಿ ಮಕ್ಕಳಿಲ್ಲದ ಟ್ವಿಸ್ ಎಂಬ ಪತ್ನಿಯದಾಗಿತ್ತು. ಕವಯಿತ್ರಿ ಎಲೈಜಾ ಸ್ನೋ ಮೇಲಿನ ಕೋಣೆಯಲ್ಲಿ ಬರೆಯುತ್ತಿದ್ದಳು, ಸಮುದಾಯದ ಮಹಿಳಾ ಸಂಘಟನೆಯನ್ನು ನಡೆಸುತ್ತಿದ್ದಳು. ಜೈನಾ ಹಂಟಿಂಗ್ಟನ್ ಸೂಲಗಿತ್ತಿಯಾಗಿದ್ದಳು. ಸವತಿ ಕ್ಲಾರಿಸ್ಸಾ ರಾಸ್ ತೀರಿಕೊಂಡಾಗ ಅವಳ ನಾಲ್ವರು ಮಕ್ಕಳನ್ನು ತನ್ನ ಒಬ್ಬಳೇ ಮಗಳ ಜೊತೆಗೆ ಬೆಳೆಸಿದವಳೂ ಜೈನಾಳೇ. ಬ್ರಿಗಮ್ ಕಣಿವೆಯಲ್ಲಿ ಹಿಪ್ಪುನೇರಳೆ ನೆಡಿಸಿ ರೇಷ್ಮೆ ಬೆಳೆಸಲು ಹೊರಟಾಗ ಅದರ ಹೊಣೆಯೂ ಇವಳ ತಲೆಗೇ ಬಂತು. ಹುಳುಗಳೆಂದರೆ ಅವಳಿಗೆ ವಿಪರೀತ ಹೇಸಿಗೆ. ಆದರೂ ವರ್ಷಗಟ್ಟಲೆ ಆ ಕೆಲಸ ನಡೆಸಿದಳು. ನಮ್ಮ ರಾಮನಗರದ ಹೆಂಗಸರು ಕೇಳಿದ್ದರೆ ಮರುಗುತ್ತಿದ್ದರೋ ನಗುತ್ತಿದ್ದರೋ ತಿಳಿಯದು.

ಎಲೈಜಾ ಮತ್ತು ಜೈನಾರ ವಿಷಯದಲ್ಲಿ ವಂಶಾವಳಿಯ ತೊಡಕು ಇನ್ನೂ ಆಳವಾದದ್ದು. ಇಬ್ಬರೂ ಜೋಸೆಫ್ ಸ್ಮಿತ್‌ನ ವಿಧವೆಯರು. ಪರಲೋಕಕ್ಕೂ ಮುಂದುವರಿಯುವ ಮದುವೆ ಅವನೊಡನೆ ಆದದ್ದು. ಬ್ರಿಗಮ್‌ನೊಡನೆ ಆದದ್ದು ಈ ಲೋಕದ ಮಟ್ಟಿಗೆ ಮಾತ್ರ. ಇದೇ ಬಗೆಯಲ್ಲಿ ಬ್ರಿಗಮ್‌ನನ್ನು ಸೇರಿದ ಎಮಿಲಿ ಪಾರ್ಟ್ರಿಜ್‌ಳಿಗೆ ಅವನಿಂದ ಏಳು ಮಕ್ಕಳಾದರೂ, ಅವರ ನಂಬಿಕೆಯಂತೆ ಆ ಮಕ್ಕಳು ಸೇರುವುದು ಜೋಸೆಫ್‌ನ ವಂಶಕ್ಕೆ.

ಎಲ್ಲರೂ ಹೊಂದಿಕೊಂಡು ಬಾಳಿದರೆಂದು ಹೇಳುವಂತಿಲ್ಲ. ಆನ್ ಎಲೈಜಾ ಎಂಬ ಪತ್ನಿ 1873ರಲ್ಲಿ ವಿಚ್ಛೇದನಕ್ಕೆ ದಾವೆ ಹೂಡಿ, ಬಹುಪತ್ನಿತ್ವದ ವಿರುದ್ಧ ದೇಶವೆಲ್ಲ ಸುತ್ತಿ ಭಾಷಣ ಮಾಡಿದಳು. ಎರಡು ಮನೆಗಳ ನಡುವೆ ಬ್ರಿಗಮ್‌ನ ಕಚೇರಿಯಿದೆ. ಅಲ್ಲಿ ಗುಮಾಸ್ತನಾಗಿದ್ದ ಜಾರ್ಜ್ ರೆನಾಲ್ಡ್ಸ್‌ನ ಮೊಕದ್ದಮೆಯಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್, ಧರ್ಮದ ಹೆಸರಿನಲ್ಲಿ ಬಹುಪತ್ನಿತ್ವಕ್ಕೆ ರಕ್ಷಣೆಯಿಲ್ಲವೆಂದು 1879ರಲ್ಲಿ ತೀರ್ಪಿತ್ತಿತು. ಆ ತೀರ್ಪಿನಲ್ಲಿ ಬಹುಪತ್ನಿತ್ವವನ್ನು ಹೆಚ್ಚುಕಡಿಮೆ ಏಷ್ಯಾ ಮತ್ತು ಆಫ್ರಿಕಾದ ಜನರ ರೂಢಿಯೆಂದು ಬದಿಗಿರಿಸಿ, ಗಂಡನ ಚಿತೆಯೇರುವ ಹೆಂಗಸಿನ ಉದಾಹರಣೆಯನ್ನೂ ಕೊಟ್ಟಿದ್ದಾರೆ. ವರ್ಮಾಂಟ್‌ನ ಬಡಗಿಯ ಸಂಸಾರವನ್ನು ಅಳೆಯಲು ನಮ್ಮ ಕಡೆಯ ಸತಿಪದ್ಧತಿಯನ್ನು ಅಳತೆಗೋಲು ಮಾಡಿಕೊಂಡದ್ದು ಓದುವಾಗ ತುಸು ಕಸಿವಿಸಿಯಾಯಿತು. 1890ರಲ್ಲಿ ಚರ್ಚು ತಾನೇ ಹೊಸ ಬಹುಪತ್ನಿ ವಿವಾಹಗಳನ್ನು ಕೈಬಿಡುವುದಾಗಿ ಸಾರಿತು.

ಮನೆಯ ಪಟ್ಟಿಯಲ್ಲಿ ಸುಲಭವಾಗಿ ಕಾಣದ ಹೆಸರೊಂದಿದೆ. 1847ರ ಚಳಿಗಾಲದಲ್ಲಿ, ಸೆರೆಯಾಗಿ ಚಿತ್ರಹಿಂಸೆಗೊಳಗಾಗಿ ಮಾರಾಟಕ್ಕೆ ಬಂದಿದ್ದ ಮೂಲನಿವಾಸಿ ಬಾಲಕಿಯೊಬ್ಬಳನ್ನು ಚಾರ್ಲ್ಸ್ ಡೆಕರ್ ಬಂದೂಕು ಕೊಟ್ಟು ಬಿಡಿಸಿಕೊಂಡು ತಂಗಿ ಕ್ಲಾರಾಳಿಗೆ ಒಪ್ಪಿಸಿದನು. ಸ್ಯಾಲಿ ಎಂದು ಹೆಸರಿಡಲಾದ ಆಕೆ ಸುಮಾರು ಮೂವತ್ತು ವರ್ಷ ಈ ಕುಟುಂಬದಲ್ಲಿ ಬೆಳೆದು, ಲಯನ್ ಹೌಸ್‌ನ ಅಡುಗೆಮನೆಯಲ್ಲಿ ದುಡಿದು, 1877ರಲ್ಲಿ ಪಾವಂಟ್ ಯೂಟ್ ಜನರ ಮುಖಂಡ ಕನೋಶ್‌ನನ್ನು ಮದುವೆಯಾಗಿ, ಮರುವರ್ಷವೇ ತೀರಿಕೊಂಡಳು. ಮಗಳೆಂದೂ ಆಳೆಂದೂ ಖಚಿತವಾಗಿ ಕರೆಯಲಾಗದ ಅವಳನ್ನು ಬಿಟ್ಟು ಆ ಮನೆಯ ಚರಿತ್ರೆಯನ್ನು ಬರೆದರೆ ಅಡುಗೆಮನೆಯನ್ನೇ ಬಿಟ್ಟಂತೆ ಎಂದು ನನ್ನ ಅಭಿಪ್ರಾಯ.

ಫಸ್ಟ್ ಅವೆನ್ಯೂದಲ್ಲಿರುವ ಕುಟುಂಬದ ಸ್ಮಶಾನ ಈಗ ಪುಟ್ಟ ಉದ್ಯಾನ. 1877ರ ಆಗಸ್ಟ್ 29ರಂದು ತೀರಿಕೊಂಡ ಬ್ರಿಗಮ್‌ನ ಸಮಾಧಿಗೆ ಕಬ್ಬಿಣದ ಬೇಲಿಯಿದೆ. ಮೇರಿ ಆನ್ ಮತ್ತು ಎಲೈಜಾರ ಸಮಾಧಿಗಳೂ ಇಲ್ಲಿವೆ. ಶವಪೆಟ್ಟಿಗೆ ತನ್ನ ಉದ್ದಕ್ಕಿಂತ ಎರಡು ಅಂಗುಲ ಹೆಚ್ಚಿರಬೇಕು, ಮಗ್ಗುಲು ಬದಲಿಸಬೇಕೆನಿಸಿದರೆ ಜಾಗವಿರಬೇಕು, ಹೆಂಗಸರು ಶೋಕಕ್ಕೆಂದು ಹೊಸ ಕಪ್ಪು ಬಟ್ಟೆ ಕೊಳ್ಳಕೂಡದು ಎಂದು ಅವನು ಮೊದಲೇ ಬರೆಸಿಟ್ಟಿದ್ದನು. ಉಯಿಲಿನಲ್ಲಿ ವಾರಸುದಾರರನ್ನು ವರ್ಗಗಳಾಗಿ ವಿಂಗಡಿಸಿದ್ದು ತಾಯಂದಿರ ಲೆಕ್ಕದಲ್ಲೇ. ಅವನ ಆಸ್ತಿಯೂ ಚರ್ಚಿನ ಆಸ್ತಿಯೂ ಬೆರೆತುಹೋಗಿದ್ದವು. 1879ರಲ್ಲಿ ಏಳು ಮಂದಿ ವಾರಸುದಾರರು ನ್ಯಾಯಾಲಯದ ಮೆಟ್ಟಿಲೇರಿ ಕೊನೆಗೆ ರಾಜಿಯಾದರು.

ಕೊನೆಯದಾಗಿ ವೆಸ್ಟ್ ಟೆಂಪಲ್ ಬೀದಿಯಲ್ಲಿರುವ, ಚರ್ಚಿನ ವಂಶಾವಳಿ ಸಂಗ್ರಹವಾದ ಫ್ಯಾಮಿಲಿಸರ್ಚ್ ಗ್ರಂಥಾಲಯಕ್ಕೆ ಹೋದೆವು. ಸತ್ತ ಹಿರಿಯರಿಗೂ ದೇವಾಲಯದಲ್ಲಿ ಸಂಸ್ಕಾರ ಸಲ್ಲಿಸಿ ಕುಟುಂಬವನ್ನು ಬೆಸೆಯಬಹುದೆಂಬ ನಂಬಿಕೆಯೇ ಈ ಜನರನ್ನು ವಂಶಾವಳಿ ಹುಡುಕಲು ಹಚ್ಚಿತು. 1894ರಲ್ಲಿ ಅದಕ್ಕೆಂದೇ ಸಂಸ್ಥೆ ಹುಟ್ಟಿತು. ಹರಿದ್ವಾರದ ತೀರ್ಥಪುರೋಹಿತರಾದ ಪಂಡಾಗಳ ವಂಶಾವಳಿ ವಹಿಗಳನ್ನೂ ಮೈಕ್ರೋಫಿಲ್ಮ್ ಮಾಡಿಸಿದವರು ಇವರು. ಲಯನ್ ಹೌಸ್‌ನಲ್ಲಿ ಹುಟ್ಟಿದ ಮೊದಲ ಮಗು, ಲೂಸಿ ಬಿಗೆಲೋಳ ಮಗಳು ಸೂಸಾ ಯಂಗ್ ಗೇಟ್ಸ್, ಮುಂದೆ ಈ ವಂಶಾವಳಿ ಕೆಲಸದ ಪ್ರಮುಖ ಕಾರ್ಯಕರ್ತೆಯಾಗಿ, ಹೆಂಗಸರಿಗೆ ಅದನ್ನು ಕಲಿಸಿ, ತನ್ನ ತಂದೆಯ ಮನೆತನದ ದಾಖಲೆಯನ್ನೂ ಸಿದ್ಧಪಡಿಸಿದಳು. ಗಣಕಯಂತ್ರದಲ್ಲಿ ಬ್ರಿಗಮ್‌ನ ಹೆಸರು ತೆರೆದರೆ ವೃಕ್ಷದಲ್ಲಿ ಒಂದು ಸಲಕ್ಕೆ ಒಬ್ಬ ಪತ್ನಿಯಷ್ಟೇ ಕಾಣುತ್ತಾಳೆ. ಬೇರೊಬ್ಬಳನ್ನು ಆರಿಸಿದರೆ ಮಕ್ಕಳ ಸಾಲೂ ಬದಲಾಗುತ್ತದೆ. ಅಕ್ಕ ಲೂಸಿ ಬಿಗೆಲೋಳ ಸಾಲಿನಲ್ಲಿ ನಿಂತಳು. ಲೂಸಿ 1870ರಲ್ಲಿ ದಕ್ಷಿಣದ ಸೇಂಟ್ ಜಾರ್ಜ್ ಊರಿಗೆ ಹೋಗಿ, ಬ್ರಿಗಮ್ ಚಳಿಗಾಲ ಕಳೆಯಲು ಬರುತ್ತಿದ್ದ ಅಲ್ಲಿನ ಮನೆಯನ್ನು ನೋಡಿಕೊಂಡವಳು. ಮರುದಿನ ನಾವು ಹೆದ್ದಾರಿ ಹಿಡಿದು ಆ ಕಡೆಗೇ ಹೊರಟೆವು.