ಮೂರು ಚಕ್ಕೆ ಮತ್ತು ನನ್ನ ಪಾಂಡಿತ್ಯ

ಚಾಕು ಸುತ್ತಿದ್ದ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: "ಒಂದು ತಿಂಗಳು ದಿನಾ ಬಳಸು. ಆಮೇಲೆ ಹೇಳು. ಹೊಗಳುವುದು ಬೇಡ, ಅದಕ್ಕೆ ನನ್ನ ಅಮ್ಮ ಇದ್ದಾರೆ."

ಕೊಟ್ಟವನು ನನ್ನ ಹಳೆಯ ಗೆಳೆಯ. ಹೊಟ್ಟೆಪಾಡಿಗೆ ಬೇರೆ ಕೆಲಸವಿದೆ, ಚಾಕು ಮಾಡುವುದು ರಜಾದಿನದ ಹುಚ್ಚು. ಮೊದಲ ಎಂಟೊಂಬತ್ತನ್ನು ಯಾರ ಕಣ್ಣಿಗೂ ಬೀಳಿಸಿರಲಿಲ್ಲವಂತೆ. ಪರೀಕ್ಷೆಗೆ ನನ್ನನ್ನು ಆರಿಸಿದ್ದಕ್ಕೆ ಅವನ ಕಾರಣ ಸರಳ. ನಾನು ಅಚ್ಚಿಗೆ ಹೋಗುವ ಪುಸ್ತಕಗಳ ಕರಡು ತಿದ್ದುವವನು. "ತಪ್ಪು ಹುಡುಕುವುದಕ್ಕೇ ಸಂಬಳ ತೆಗೆದುಕೊಳ್ಳುವವನು ನನಗೆ ಗೊತ್ತಿರುವವರಲ್ಲಿ ನೀನೊಬ್ಬನೇ" ಎಂದ. ಮನೆಯಲ್ಲಿ ಅಡುಗೆ ಮಾಡುವವನೂ ನಾನೇ. ಚಾಕುವಿನ ಬಗ್ಗೆ ನನಗಿದ್ದ ಅರ್ಹತೆ ಅಷ್ಟೇ. ಅದಕ್ಕಿಂತ ಹೆಚ್ಚಿದೆ ಎಂದುಕೊಂಡದ್ದೇ ಮುಂದಿನ ಎಡವಟ್ಟಿಗೆಲ್ಲ ಮೂಲ.

ಅಲಗು 210 ಮಿಲಿಮೀಟರ್ ಉದ್ದ, ಒಟ್ಟು ತೂಕ 212 ಗ್ರಾಂ. ಉಕ್ಕು 1084. ಈ ಹೆಸರಿನ ಕೊನೆಯ ಎರಡು ಅಂಕಿಗಳು ಇಂಗಾಲದ ಲೆಕ್ಕ, ಅಂದರೆ ಶೇಕಡಾ 0.84ರ ಆಸುಪಾಸು. ತುಕ್ಕು ತಡೆಯುವ ಕ್ರೋಮಿಯಂ ಇದರಲ್ಲಿ ಇಲ್ಲವೆಂದೇ ಹೇಳಬೇಕು, ಹಾಗಾಗಿ ಒದ್ದೆಯಾಗಿ ಬಿಟ್ಟರೆ ಕೆಂಪಾಗುತ್ತದೆ. ಕಾಯಿಸಿದಾಗ 770 ಡಿಗ್ರಿಯ ಹತ್ತಿರ ಉಕ್ಕಿಗೆ ಅಯಸ್ಕಾಂತ ಅಂಟುವುದು ನಿಲ್ಲುತ್ತದೆ. ಅದನ್ನೂ ದಾಟಿ 815ರ ಸುಮಾರಿಗೆ ಏರಿಸಿ, ಎಣ್ಣೆಯಲ್ಲಿ ಅದ್ದಿದ್ದಾನೆ. ಆ ಕ್ಷಣದಲ್ಲಿ ಅಲಗು ಗಾಜಿನ ಹಾಗೆ, ಕೈಜಾರಿ ಬಿದ್ದರೆ ಎರಡು ತುಂಡು. ಆ ಬಿರುಸನ್ನು ಇಳಿಸಲು 200 ಡಿಗ್ರಿಯ ಒಲೆಯಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಇಟ್ಟು ಹದ ಮಾಡಿದ್ದಾನೆ. ಇದನ್ನೆಲ್ಲ ಅವನು ಹೇಳುವಾಗ ನಾನು ತಲೆಯಾಡಿಸಿದ್ದೆ. ಅರ್ಧ ಅರ್ಥವಾಗಿತ್ತು. ಉಳಿದರ್ಧವೂ ಅರ್ಥವಾದವನ ಹಾಗೆ ತಲೆಯಾಡಿಸಿದ್ದು ತಪ್ಪು.

ಮೊದಲ ದಿನ ಎಲ್ಲರೂ ಮಾಡುವುದನ್ನೇ ಮಾಡಿದೆ. ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ಮೇಲಿನಿಂದ ಸೀಳಿದೆ. ಸದ್ದಿಲ್ಲದೆ ಇಳಿಯಿತು. ಚೆನ್ನಾಗಿ ಮಸೆದರೆ ಹಗುರ ತಗಡಿನ ಚಾಕುವೂ ಕಾಗದ ಸೀಳುತ್ತದೆ. ಇದರಿಂದ ತಿಳಿಯುವುದು ಕೊನೆಯಲ್ಲಿ ಮಸೆದವನ ಕೈಚಳಕ ಮಾತ್ರ. ಅಮೆರಿಕದ ಕಮ್ಮಾರರ ಸಂಘವೊಂದರ ಪರೀಕ್ಷೆಯಲ್ಲಿ ತೂಗುಬಿಟ್ಟ ಹಗ್ಗವನ್ನು ಒಂದೇಟಿಗೆ ಕಡಿದು, ಮರದ ತುಂಡನ್ನು ಎರಡು ಸಲ ಕತ್ತರಿಸಿ, ಅದೇ ಅಂಚಿನಲ್ಲಿ ತೋಳಿನ ರೋಮ ಬೋಳಿಸಿ, ಕೊನೆಗೆ ಅಲಗನ್ನು 90 ಡಿಗ್ರಿ ಬಗ್ಗಿಸಿ ತೋರಿಸಬೇಕು. ನೋಡಲು ಚೆಂದ. ಆದರೆ ಅಡುಗೆಮನೆಯ ಚಾಕು ಹಗ್ಗ ಕಡಿಯಬೇಕಿಲ್ಲ. ಟೊಮೆಟೊ ಸಿಪ್ಪೆಯ ಮೇಲೆ ಜಾರದೆ ಕಚ್ಚಿದರೆ ಸಾಕು, ಹದಿನೈದನೇ ದಿನವೂ.

ಹಾಗಾಗಿ ಒಂದು ಪುಟ್ಟ ಪುಸ್ತಕ ಇಟ್ಟುಕೊಂಡೆ. ದಿನಾಂಕ, ಏನು ಕತ್ತರಿಸಿದೆ, ಕೈಗೆ ಏನನ್ನಿಸಿತು.

ಎರಡನೇ ದಿನವೇ ಕ್ಯಾರೆಟ್ ಗುಟ್ಟು ಬಿಟ್ಟುಕೊಟ್ಟಿತು. ದಪ್ಪ ಕ್ಯಾರೆಟ್ಟನ್ನು ಅಡ್ಡ ಕತ್ತರಿಸುವಾಗ ಅಲಗು ಅರ್ಧದವರೆಗೆ ಸರಾಗವಾಗಿ ಇಳಿದು ಅಲ್ಲಿ ನಿಂತಿತು. ಒತ್ತಿದರೆ "ಟಕ್" ಎಂದು ಕ್ಯಾರೆಟ್ ಬಿರಿಯಿತು. ಬಿಲ್ಲೆಯ ಮುಖ ನೋಡಿದರೆ ಮೇಲಿನರ್ಧ ನುಣುಪು, ಕೆಳಗಿನರ್ಧ ಮುರಿದ ಕಟ್ಟಿಗೆಯ ಹಾಗೆ ಒರಟು. ಮೇಲರ್ಧವನ್ನು ಚಾಕು ಕತ್ತರಿಸಿತ್ತು, ಕೆಳಗಿನರ್ಧವನ್ನು ಸೀಳಿತ್ತು. ಈರುಳ್ಳಿಯಲ್ಲಿ ಇದು ಗೊತ್ತೇ ಆಗಲಿಲ್ಲ, ಪದರ ಪದರವಾಗಿ ದಾರಿ ಬಿಡುವ ತರಕಾರಿ ಅದು. ಕ್ಯಾರೆಟ್ ಹಾಗಲ್ಲ, ದಾರಿ ಬಿಡುವುದಿಲ್ಲ. ಗೆಳೆಯನ ಮನೆಯಿಂದ ಅಳತೆಯ ಕ್ಯಾಲಿಪರ್ ತಂದು ನೋಡಿದೆ. ಅಂಚಿನಿಂದ ಒಂದು ಮಿಲಿಮೀಟರ್ ಮೇಲೆ ಅಲಗಿನ ದಪ್ಪ 0.7 ಮಿಲಿಮೀಟರ್. ನನ್ನ ಹಳೆಯ ಚಾಕುವಿನಲ್ಲಿ ಅದೇ ಜಾಗ 0.3. ಬಾಯಿ ಎಷ್ಟೇ ಚುರುಕಿದ್ದರೂ ಅದರ ಹಿಂದಿನ ಕೆನ್ನೆ ಉಬ್ಬಿಕೊಂಡಿದ್ದರೆ ಚಾಕು ಬೆಣೆಯಾಗುತ್ತದೆ. ("ಕೆನ್ನೆ" ನನ್ನ ಮಾತು. ಮೊದಲ ಸಲ ಕೇಳಿದಾಗ ಅವನು ನಕ್ಕ, ಈಗ ಅವನೂ ಹಾಗೇ ಅನ್ನುತ್ತಾನೆ.)

ಹಿಡಿಯ ದೂರು ನಿಧಾನವಾಗಿ ಬಂದಿತು. ಐದು ನಿಮಿಷ ಹಿಡಿದು ನೋಡಿದರೆ ಯಾವ ಹಿಡಿಯೂ ಹಿತವೇ. ಮರದ ಎರಡು ಹೋಳು, ಮೂರು ಹಿತ್ತಾಳೆಯ ಮೊಳೆ, ಕನ್ನಡಿಯಂಥ ನಯ. ಒಂದು ಸಂಜೆ ಎರಡು ಕಿಲೋ ತರಕಾರಿ ಹೆಚ್ಚಬೇಕಾಯಿತು. ಅರ್ಧ ಗಂಟೆಯ ಹೊತ್ತಿಗೆ ತೋರುಬೆರಳಿನ ಬುಡ ಉರಿಯತೊಡಗಿತು. ನಾನು ಅಲಗಿನ ಬೆನ್ನನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿಯುವವನು. ಆ ಬೆನ್ನಿನ ಎರಡೂ ಮೂಲೆಗಳನ್ನು ಅವನು ಚೂಪಾಗಿಯೇ ಬಿಟ್ಟಿದ್ದ. ಅವನು ಹಿಡಿಯನ್ನು ಇಡೀ ಮುಷ್ಟಿಯಲ್ಲಿ ಹಿಡಿಯುತ್ತಾನೆ, ಅವನ ಬೆರಳು ಬೆನ್ನಿಗೆ ತಾಗುವುದೇ ಇಲ್ಲ. ಮಾಡಿದವನ ಕೈಗೆ ಎಂದೂ ಸಿಗದ ದೋಷ ಇದು. ಹಾಗೆಯೇ ಹತ್ತು ಸಲ ತೊಳೆದ ಮೇಲೆ ಹಿಡಿಯ ಮರ ತರಿತರಿಯಾಯಿತು, ನೀರಿಗೆ ಎಳೆಗಳು ಎದ್ದಿದ್ದವು. ನಿಂಬೆಹಣ್ಣು ಕೊಯ್ದ ಮೇಲೆ ಅಲಗು ನೀಲಿ-ಬೂದು ಬಣ್ಣಕ್ಕೆ ತಿರುಗಿತು. ಅದನ್ನು ನಾನು ದೂರು ಎಂದು ಬರೆದೆ. ಆ ಬಣ್ಣ ತುಕ್ಕನ್ನು ದೂರ ಇಡುವ ಪದರವೆಂದೂ ಹೆದರಬೇಕಾದದ್ದು ಕೆಂಪು ಬಣ್ಣಕ್ಕೆಂದೂ ತಿಳಿದ ಮೇಲೆ ಹೊಡೆದುಹಾಕಿದೆ.

ಹನ್ನೊಂದನೇ ದಿನ ಟೊಮೆಟೊ ಕತ್ತರಿಸುವಾಗ ಒಂದು ಜಾಗದಲ್ಲಿ ಸಿಪ್ಪೆ ಸಿಕ್ಕಿಕೊಂಡ ಹಾಗಾಯಿತು. ಅಂಚನ್ನು ದೀಪಕ್ಕೆ ನೇರವಾಗಿ ಹಿಡಿದೆ. ಹರಿತವಾದ ಅಂಚು ಬೆಳಕನ್ನು ತೋರಿಸುವುದಿಲ್ಲ, ಕಪ್ಪು ಗೆರೆಯಾಗಿ ಕಾಣುತ್ತದೆ. ಇಲ್ಲಿ ಮೂರು ಕಡೆ ಮಿನುಗು. ಕರಡು ನೋಡುವ ಭೂತಗನ್ನಡಿ ತಂದು ನೋಡಿದರೆ ಅಂಚಿನಲ್ಲಿ ಮೂರು ಪುಟ್ಟ ಚಕ್ಕೆ ಎದ್ದಿವೆ, ಇಲಿ ಹಲ್ಲೂರಿದ ಹಾಗೆ. ಮರದ ಮಣೆಯ ಮೇಲೆಯೇ ಹೆಚ್ಚುತ್ತಿದ್ದೆ, ಮೂಳೆಯನ್ನೂ ಮುಟ್ಟಿಸಿರಲಿಲ್ಲ, ಕುಂಬಳಕಾಯಿಯಲ್ಲಿ ಸಿಕ್ಕಿದಾಗ ತಿರುಚಿಯೂ ಇರಲಿಲ್ಲ. ಪುಸ್ತಕದಲ್ಲಿ ಎಲ್ಲಕ್ಕೂ ದಾಖಲೆ ಇದೆ. ತಪ್ಪು ನನ್ನದಲ್ಲ ಎಂದು ಖಾತ್ರಿಯಾದ ಸಂತೋಷ ಹೇಳತೀರದು.

ಆ ಸಂತೋಷದಲ್ಲಿ ತಿಂಗಳು ತುಂಬುವುದಕ್ಕೂ ಕಾಯದೆ ಅವನಿಗೆ ಬರೆದೆ. ಕೆನ್ನೆ ದಪ್ಪ, ಬೆನ್ನು ಚೂಪು, ಹಿಡಿ ಒರಟು ಎಂಬಲ್ಲಿಯವರೆಗೆ ಸರಿಯಾಗಿತ್ತು. ಆಮೇಲೆ ಪಾಂಡಿತ್ಯ ಉಕ್ಕಿತು. "ಉಕ್ಕು ಅತಿ ಗಡಸಾಗಿದೆ. ಹದ ಸಾಲದು. ಒಲೆಯ ಬಿಸಿ ಏರಿಸಬೇಕು."

ಪುಸ್ತಕದ ಕರಡಿನಲ್ಲಿ ವಾಕ್ಯವೊಂದು ಕುಂಟಿದರೆ ನಾನು ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕುತ್ತೇನೆ. "ಇಲ್ಲಿ ಓದು ತಡೆಯುತ್ತದೆ" ಎಂದು ಬರೆಯುತ್ತೇನೆ. ಲೇಖಕರು ಯಾಕೆ ಹಾಗೆ ಬರೆದರು ಎಂದು ನಾನು ತೀರ್ಮಾನಿಸಿ ತಿದ್ದಿದರೆ ಎರಡನೇ ದಿನ ಕೆಲಸ ಹೋಗುತ್ತದೆ. ಇಪ್ಪತ್ತು ವರ್ಷದ ಈ ಶಿಸ್ತು ಚಾಕು ಕೈಗೆ ಬಂದ ಹನ್ನೊಂದನೇ ದಿನಕ್ಕೆ ಮರೆತುಹೋಗಿತ್ತು.

ಅವನು ನನ್ನನ್ನು ನಂಬಿದ. ಮುಂದಿನ ಎರಡು ಚಾಕುಗಳಿಗೆ 200ರ ಬದಲು 240 ಡಿಗ್ರಿ ಇಟ್ಟ. ಕೆನ್ನೆಯ ದೂರನ್ನೂ ತಲೆಗೆ ಹಚ್ಚಿಕೊಂಡು ಅಂಚಿನ ಹಿಂದಿನ ದಪ್ಪವನ್ನು 0.2ಕ್ಕೆ ಇಳಿಸಿದ. ಆರು ವಾರದ ರಜಾದಿನಗಳು ಅದಕ್ಕೇ ಹೋದವು. ಬಂದ ಚಾಕು ಕ್ಯಾರೆಟ್ಟಿನಲ್ಲಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ನಾಲ್ಕನೇ ದಿನಕ್ಕೆ ಟೊಮೆಟೊ ಮೇಲೆ ಜಾರಿತು. ಭೂತಗನ್ನಡಿಯಲ್ಲಿ ನೋಡಿದರೆ ಚಕ್ಕೆ ಇಲ್ಲ, ಅಂಚು ಒಂದು ಬದಿಗೆ ಮಡಚಿಕೊಂಡಿದೆ. ಅವನು ಹಿತ್ತಾಳೆಯ ಸರಳಿನ ಮೇಲೆ ಅಂಚನ್ನು ಒತ್ತಿ ನೋಡಿದ. ಒಳ್ಳೆಯ ಹದದ ಅಂಚು ಒತ್ತಿದಾಗ ಸ್ವಲ್ಪ ಬಾಗಿ, ಬಿಟ್ಟ ಕೂಡಲೇ ನೆಟ್ಟಗಾಗುತ್ತದೆ. ಇದು ಬಾಗಿತು, ಬಾಗಿದಂತೆಯೇ ಉಳಿಯಿತು. ಎರಡು ಸಂಗತಿಗಳನ್ನು ಒಟ್ಟಿಗೆ ಬದಲಿಸಿದ್ದರಿಂದ ದೋಷ ಮೆದುತನದ್ದೋ ತೆಳುತನದ್ದೋ ಎಂದು ಬಿಡಿಸಿ ಹೇಳುವುದೂ ಸಾಧ್ಯವಿರಲಿಲ್ಲ.

ಈ ನಡುವೆ ಮೂರು ಚಕ್ಕೆಯ ಮೊದಲ ಚಾಕು ನನ್ನ ಬಳಿಯೇ ಇತ್ತು. ಅದನ್ನು ಬಿಸಾಡಲು ಮನಸ್ಸಾಗದೆ 1000 ಸಂಖ್ಯೆಯ ಕಲ್ಲಿನ ಮೇಲೆ ಮಸೆದೆ. ಎಷ್ಟು ಕೋನದಲ್ಲಿ ಹಿಡಿದಿದ್ದೇನೆ ಎಂದು ಗೊತ್ತಾಗಲು ಅಂಚಿಗೆ ಮಾರ್ಕರ್ ಮಸಿ ಬಳಿದೆ. ಮಸಿ ಅಂಚಿನ ತುದಿಯವರೆಗೂ ಅಳಿಸಿದರೆ ಕಲ್ಲು ಸರಿಯಾಗಿ ತಾಗುತ್ತಿದೆ ಎಂದರ್ಥ. ಆಚೆ ಬದಿಗೆ ಉಕ್ಕಿನ ಸಣ್ಣ ಎಳೆ ಮಗುಚಿದ್ದು ಉಗುರಿಗೆ ತಾಕುವವರೆಗೆ ಒಂದು ಬದಿ, ಮತ್ತೆ ಇನ್ನೊಂದು. ಚಕ್ಕೆ ಪೂರ್ತಿ ಹೋಗಲಿಲ್ಲ. ಒಂದು ವಾರದಲ್ಲಿ ಇನ್ನೊಂದು ಹೊಸ ಚಕ್ಕೆ ಎದ್ದಿತು. ಮತ್ತೆ ಮಸೆದೆ. ಮೂರನೇ ಸಲ ಮಸೆದ ಮೇಲೆ ನಿಂತಿತು. ಅದೇ ಮಣೆ, ಅದೇ ತರಕಾರಿ, ಅದೇ ಕೈ. ಐದು ವಾರ ಕಳೆದರೂ ದೀಪದ ಕೆಳಗೆ ಒಂದೂ ಮಿನುಗಿಲ್ಲ.

ಉಕ್ಕಿನ ಹದವೇ ಕೆಟ್ಟಿದ್ದರೆ ಎಷ್ಟು ಮಸೆದರೂ ಚಕ್ಕೆ ಏಳುತ್ತಲೇ ಇರಬೇಕಿತ್ತು. ಇಲ್ಲಿ ಕೆಟ್ಟದ್ದು ಹೊರಗಿನ ಕೂದಲೆಳೆಯಷ್ಟು ಮಾತ್ರ. ವಿಷಯ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಕೊನೆಯ ಅಂಚನ್ನು ಯಂತ್ರದಲ್ಲಿ ತಿರುಗುವ ಉಜ್ಜುಕಾಗದದ ಪಟ್ಟಿಯ ಮೇಲೆ ಒಣಗಿದ್ದಂತೆಯೇ ಕೊಟ್ಟಿದ್ದೆ, ನೀರು ಮುಟ್ಟಿಸಿರಲಿಲ್ಲ" ಎಂದ. ಅಂಚು ತೆಳುವಾದಷ್ಟೂ ಅಲ್ಲಿ ಹುಟ್ಟಿದ ಬಿಸಿಗೆ ಹೋಗಲು ಜಾಗವಿಲ್ಲ. ಒಲೆಯಲ್ಲಿ ನಾಲ್ಕು ಗಂಟೆ ಕೂತು ಪಡೆದ ಹದ ಅಲ್ಲಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಗುತ್ತದೆ. ಬಣ್ಣ ತಿರುಗಿದ್ದರೆ ಕಾಣುತ್ತಿತ್ತೇನೋ, ಆದರೆ ಅವನು ಆಮೇಲೆ ಉಜ್ಜಿ ಹೊಳಪು ಕೊಟ್ಟಿದ್ದ. ನಾನು ಕಲ್ಲಿನಲ್ಲಿ ಆ ಸುಟ್ಟ ಭಾಗವನ್ನು ತೆಗೆದುಹಾಕಿದ್ದೆ, ಕೆಳಗಿನಿಂದ ಒಳ್ಳೆಯ ಉಕ್ಕು ಬಂದಿತ್ತು.

ಅಂದರೆ 200 ಡಿಗ್ರಿ ಮೊದಲಿಂದಲೂ ಸರಿಯಿತ್ತು. ನಾನು "ಹನ್ನೊಂದನೇ ದಿನ, ಇಂಥ ಜಾಗದಲ್ಲಿ, ಮೂರು ಚಕ್ಕೆ" ಎಂದಷ್ಟೇ ಬರೆದಿದ್ದರೆ ಅವನು ಬಹುಶಃ "ಒಂದು ಸಲ ಕಲ್ಲಿನಲ್ಲಿ ಮಸೆದು ನೋಡು" ಎನ್ನುತ್ತಿದ್ದ. ಕ್ಷಮೆ ಕೇಳಿದೆ. "ಒಲೆ ಏರಿಸಿದ್ದು ನನ್ನ ಕೈ, ನಿನ್ನದಲ್ಲ" ಎಂದ. ದೊಡ್ಡ ಮನಸ್ಸಿನ ಮಾತು, ನಿಜವೂ ಹೌದು. ಆದರೂ ಆರು ವಾರದ ರಜೆ ಅವನದು.

ಮುಂದಿನ ಚಾಕು ಬಂದಾಗ ನನ್ನ ಪುಸ್ತಕದ ಬರವಣಿಗೆ ಬದಲಾಗಿತ್ತು. ಒಂದು ಸಾಲು ಹೀಗಿದೆ: "6ನೇ ದಿನ. ಕುಂಬಳಕಾಯಿ. ಹಿಮ್ಮಡಿಯಿಂದ 40 ಮಿ.ಮೀ. ಒಳಗೆ ತಡೆ. ಕೈ ಒದ್ದೆಯಿತ್ತು. ಸಂಜೆ, ಆತುರ." (ಹಿಮ್ಮಡಿ ಎಂದರೆ ಅಂಚು ಹಿಡಿಯ ಕಡೆ ಮುಗಿಯುವ ಮೂಲೆ.) ಕೈ ಒದ್ದೆಯಿದ್ದದ್ದೂ ಆತುರವಿದ್ದದ್ದೂ ಚಾಕುವಿನ ಗುಣವಲ್ಲ, ಆದರೆ ಬೇಕು. ಒಂದು ಸಾಲಿನಲ್ಲಂತೂ "ಇವತ್ತು ನನಗೆ ಸಿಟ್ಟು ಬಂದಿತ್ತು, ಲೆಕ್ಕಕ್ಕಿಲ್ಲ" ಎಂದೂ ಇದೆ. ಈ ಚಾಕುವಿನ ಕೆನ್ನೆ 0.3, ಹದ 200, ಬೆನ್ನಿನ ಮೂಲೆಗಳು ದುಂಡು, ಕೊನೆಯ ಅಂಚು ಪೂರ್ತಿ ಕಲ್ಲಿನ ಮೇಲೆ ಕೈಯಲ್ಲಿ ಮಸೆದದ್ದು. ಹಿಡಿಯ ಮರವನ್ನು ಮೊದಲೇ ನಾಲ್ಕೈದು ಸಲ ಒದ್ದೆ ಮಾಡಿ, ಎದ್ದ ಎಳೆಗಳನ್ನು ಉಜ್ಜಿ ತೆಗೆದಿದ್ದಾನೆ. ಇಪ್ಪತ್ತಮೂರನೇ ದಿನದವರೆಗೆ ಇರುವ ಒಂದೇ ದೂರು ಕಿರುಬೆರಳಿಗೆ ಹಿಡಿ ಒಂದಿಷ್ಟು ಗಿಡ್ಡ ಎಂಬುದು. ನನ್ನ ಅಂಗೈ ಅಗಲ 92 ಮಿಲಿಮೀಟರ್ ಎಂದೂ ಪಕ್ಕದಲ್ಲಿ ಬರೆದಿದ್ದೇನೆ.

ಆ ಮೆದು ಚಾಕುಗಳಲ್ಲಿ ಒಂದನ್ನು ಅವನು ಅಮ್ಮನಿಗೆ ಕೊಟ್ಟ. ಹೋದ ವಾರ ಅವರ ಮನೆಗೆ ಹೋದಾಗ ಅವರು ಅದರಲ್ಲೇ ಬೀನ್ಸ್ ಹೆಚ್ಚುತ್ತಿದ್ದರು. ನಾಲ್ಕು ಹಿಡಿ ಬೀನ್ಸಿಗೊಮ್ಮೆ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ಹೊಳಪಿಲ್ಲದ ಅದರ ಅಡಿಯ ಬಳೆಯ ಮೇಲೆ ಅಂಚನ್ನು ಆಚೆಗೆರಡು ಈಚೆಗೆರಡು ಸಲ ಎಳೆಯುತ್ತಿದ್ದರು, ಮಾತು ನಿಲ್ಲಿಸದೆ. ಮಡಚಿದ ಅಂಚು ಪ್ರತಿ ಸಲವೂ ನೆಟ್ಟಗಾಗುತ್ತಿತ್ತು. "ಗಟ್ಟಿ ಉಕ್ಕಿನ ಚಾಕುಗಳು ಬಟ್ಟಲಿಗೆ ಬಗ್ಗುವುದಿಲ್ಲ. ಅವನು ಇದುವರೆಗೆ ಮಾಡಿದ್ದರಲ್ಲಿ ಇದೇ ಒಳ್ಳೆಯದು" ಎಂದರು.

ಅದು ಹೊಗಳಿಕೆಯಾದ್ದರಿಂದ ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಪುಸ್ತಕದಲ್ಲಿ ಬರೆದುಕೊಂಡೆ, ಬಟ್ಟಲಿನ ವಿಷಯ ಸಮೇತ.